ಹಿತ್ತಿಲ ಕೋಣೆಯ ಮೂರು ದಿನ

ಬೋಳಾರದ ಅರ್ಚಕರ ಮನೆಯ ಸೊಸೆ ಸ್ಮೃತಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾಳೆ. ಸ್ಟಾಫ್ ರೂಮಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಅಂಥವಳು ಮುಟ್ಟಾದಾಗ ಮಾತ್ರ, ಆ ಮನೆಯ ಪದ್ಧತಿಯಂತೆ, ತಿಂಗಳಿಗೆ ಮೂರು ದಿನ ಹಿತ್ತಿಲ ಕೋಣೆಯಲ್ಲಿ ‘ಹೊರಗೆ’ ಕೂರುತ್ತಿದ್ದಳು. ಮಾವ ವಿಠಲ ಭಟ್ಟರು ದೇವಸ್ಥಾನದಲ್ಲಿ ಪೂಜೆ ಮಾಡುವವರು, ಮಡಿ ಮೀರುವಂತಿಲ್ಲ.

“ಎಂತ ಮಾರಾಯ್ತಿ, ನೀನೇ ಹೀಗೆ ಕೂತ್ರೆ ಹೇಗೆ?” ಎಂದು ಸಹೋದ್ಯೋಗಿ ಫಾಯಿಝಾ ರೇಗುವಳು. ಸ್ಮೃತಿ ನಕ್ಕು ಮಾತು ಹಾರಿಸುವಳು. ನಿಜ ಹೇಳಲು ನಾಚಿಕೆ. ಆ ಮೂರು ದಿನ ಊಟ ಬಾಗಿಲಿಗೇ ಬರುತ್ತಿತ್ತು. ಒಲೆಯಿಲ್ಲ, ನೈವೇದ್ಯದ ಗಡಿಬಿಡಿಯಿಲ್ಲ, ಯಾರೂ ಕರೆಯುವಂತಿಲ್ಲ. ಮದುವೆಯಾದ ಮೇಲೆ ಅವಳು ಓದಿದ ಕಾದಂಬರಿಗಳೆಲ್ಲ ಆ ಕೋಣೆಯ ಚಾಪೆಯ ಮೇಲೆ ಓದಿದವು.

ಈ ವರ್ಷ ಪಾಠಕ್ಕಿದ್ದದ್ದು ಹೊಸಕಾಲದ ಒಂದು ಇಂಗ್ಲಿಷ್ ಕಾದಂಬರಿ. ತುಂಬಿದ ಮನೆಯಲ್ಲಿ ಪರಕೀಯಳಂತೆ ಬದುಕಿದ ಹೆಂಗಸೊಬ್ಬಳು ಜೈಲಿಗೆ ಹೋಗಿ, ಅಲ್ಲಿ ಮೊದಲ ಸಲ ಕಣ್ತುಂಬ ನಿದ್ದೆ ಮಾಡುತ್ತಾಳೆ. “ಜೈಲಲ್ಲಿ ಎಂತ ನೆಮ್ಮದಿ ಮೇಡಂ?” ಎಂದು ಮಕ್ಕಳು ಕೇಳಿದಾಗ ಸ್ಮೃತಿ ಪುಟ ತಿರುವಿ ಮುಂದಿನ ಅಧ್ಯಾಯಕ್ಕೆ ಹಾರಿದಳು.

ಯಾವ ಕತೆಯೆಂದು ಮನೆಯಲ್ಲಿ ಗಂಡ ವಿಭವ ಕೇಳಿದಾಗ ಅವಳು ಅರ್ಧ ಮಾತ್ರ ಹೇಳಿದಳು: “ಹೆಂಗಸನ್ನು ಕೂಡಿಹಾಕುವ ಕತೆ.”

ವಿಭವ ಒಳ್ಳೆಯವನು. ಒಳ್ಳೆಯವರ ಕಾಟವೇ ಬೇರೆ. ಹಿತ್ತಿಲ ಕೋಣೆಯತ್ತ ನೋಡಿ ಅವನಿಗೆ ತಲೆ ತಗ್ಗಿತು. ಅಪ್ಪನ ಜೊತೆ ವಾರವಿಡೀ ಜಗಳಾಡಿ, ಗೆದ್ದು, ಚಾಪೆ ಎಸೆದು, ಅಲ್ಲಿ ತನ್ನ ಕಂಪ್ಯೂಟರ್ ಇಟ್ಟ. “ಇನ್ನು ನಿನಗೆ ಆ ಜೈಲಿಲ್ಲ” ಎಂದು ಬೀಗಿದ.

ಅವಳು ಏನೆಂದಾಳು? ಪದ್ಧತಿ ತಪ್ಪೆಂದು ಅವಳಿಗೂ ಗೊತ್ತು. ಮಗಳು ಹುಟ್ಟಿದರೆ ಅವಳನ್ನು ಅಲ್ಲಿ ಕೂರಿಸುವುದಿಲ್ಲ ಎಂದು ಯಾವತ್ತೋ ನಿಶ್ಚಯಿಸಿದ್ದಳು. ಆದರೆ ಹೋದದ್ದು ಅವಳ ಒಂದೇ ಒಂದು ಕೋಣೆ. ಆ ಸಂಕಟ ಯಾರ ಹತ್ತಿರ ಹೇಳುವುದು?

ಮುಂದಿನ ಮುಟ್ಟಿನ ಮೊದಲ ದಿನವೇ, ಕಿಬ್ಬೊಟ್ಟೆ ಹಿಡಿದುಕೊಂಡು, ಅವಳು ಒಲೆಯ ಮುಂದೆ ನಿಂತಿದ್ದಳು. ಕಣ್ಣಲ್ಲಿ ನೀರು. ಅತ್ತೆ ರಮಾದೇವಿ ಬಂದು ಸೌಟು ಕಿತ್ತುಕೊಂಡರು.

“ಒಗ್ಗರಣೆ ಹೊಗೆ ಅತ್ತೆ.”

“ಸುಳ್ಳು ಹೇಳ್ಬೇಡ. ನಂಗೆ ಮುಟ್ಟು ನಿಂತ ಮೇಲೂ ಎರಡು ವರ್ಷ ನಾನು ಆ ಕೋಣೆಯಲ್ಲಿ ಕೂತಿದ್ದೇನೆ. ನಿನ್ನ ಮಾವನಿಗೆ ಇವತ್ತಿಗೂ ಗೊತ್ತಿಲ್ಲ.”

ಸ್ಮೃತಿ ಕಣ್ಣೊರೆಸಿಕೊಂಡಳು. ಅತ್ತೆ ಆಗಲೇ ಹಿತ್ತಿಲ ಕಡೆ ತಿರುಗಿ ಕೂಗುತ್ತಿದ್ದರು: “ವಿಭವಾ! ಕೋಣೆ ಕಿತ್ತುಕೊಂಡದ್ದು ನೀನಲ್ವಾ? ಕಂಪ್ಯೂಟರ್ ಮುಚ್ಚಿ ಬಾ. ಮೂರು ದಿನ ಅಡುಗೆ ನಿಂದು.”

ಅತ್ತೆ ಸೊಸೆ ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಸೀದ ವಾಸನೆ ಬಂತು, ಇಬ್ಬರೂ ಏಳಲಿಲ್ಲ.