ಊರಿಗಾಂ ಸಂಸ್ಥೆಯ ಮೇಷ್ಟ್ರು

ಮೇಷ್ಟ್ರ ಕೊರಳಲ್ಲಿ ಬೆರಳ ತುದಿಯಷ್ಟು ತೂತಿತ್ತು. ಕ್ಯಾನ್ಸರ್ ಬಂದು ಡಾಕ್ಟರು ಧ್ವನಿಪೆಟ್ಟಿಗೆ ತೆಗೆದಿದ್ದರು. ಮಾತಾಡುವಾಗ ಅದನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿಕೊಳ್ಳುತ್ತಿದ್ದರು. ಆಗ ಒಳಗಿಂದ ಗೊರಗೊರ ಸದ್ದು ಏಳುತ್ತಿತ್ತು. ಹೊಸಬರಿಗೆ ಅದು ಅರ್ಥವಾಗುತ್ತಿರಲಿಲ್ಲ. ಅವರ ಬಳಿ ಪಾಠ ಕಲಿತ ನಮಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ.

ಊರಿಗಾಂನ ಚಿನ್ನದ ಗಣಿ ಮುಚ್ಚಿದ ಮೇಲೆ ಅವರ ಶಿಷ್ಯರು ಇಂಗ್ಲೆಂಡು, ಆಸ್ಟ್ರೇಲಿಯಾ, ದುಬೈ ಅಂತ ಚದುರಿಹೋಗಿದ್ದರು. ಅವರನ್ನೆಲ್ಲ ಹುಡುಕಿ, ಕಾಡಿ ಬೇಡಿ, ಮೇಷ್ಟ್ರು ಒಂದು ಸಂಸ್ಥೆ ಕಟ್ಟಿದರು. ಊರಿನ ಹಳೇ ಹಾಲ್ ಅದರ ಮುಖ್ಯ ಕಚೇರಿ. ಸಂಜೆ ಅಲ್ಲಿ ಗಣಿ ಕೆಲಸಗಾರರ ಲೈನ್‌ಮನೆಗಳ ಮಕ್ಕಳಿಗೆ ಪಾಠ, ಭಾನುವಾರ ಕನ್ನಡ, ತಮಿಳು, ತೆಲುಗು ಹಾಡು. ಹೊರದೇಶದಲ್ಲಿದ್ದ ಶಿಷ್ಯರ ಮಕ್ಕಳೂ ಕಂಪ್ಯೂಟರ್ ಮುಂದೆ ಕೂತು ನಮ್ಮ ಜೊತೆ ಕಲಿಯುತ್ತಿದ್ದರು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮಾರಿಕುಪ್ಪಂ ರೈಲು ಹತ್ತಿ ಬರುತ್ತಿದ್ದ ನಾನು ಡಿಗ್ರಿ ಮುಗಿಸಿದ್ದು ಆ ಹಾಲ್‌ನಲ್ಲಿ ಓದಿಯೇ.

ನಿಯಮಾವಳಿ ಬರೆಯುವಾಗ, ಸ್ಥಾಪಕರ ಮಾತೇ ಕೊನೆಯದು ಎಂದು ಸೇರಿಸೋಣ ಅಂದರಂತೆ ಶಿಷ್ಯರು. ಮೇಷ್ಟ್ರು ಒಪ್ಪಲಿಲ್ಲ. "ಎಲ್ರಿಗೂ ಒಂದೊಂದೇ ಓಟು. ನಂಗೂ ಅಷ್ಟೇ."

ಬರಬರುತ್ತಾ ಹೊರದೇಶದ ಸದಸ್ಯರೇ ಹೆಚ್ಚಾದರು. ಕಟ್ಟಡ ಹಳತಾಯಿತು, ಕಚೇರಿಯನ್ನು ಇಂಗ್ಲೆಂಡಿಗೆ ಸಾಗಿಸಿ ಹಾಲ್‌ಗೆ ಬೀಗ ಹಾಕೋಣ ಎಂಬ ಸೂಚನೆ ಬಂತು. ಆನ್‌ಲೈನ್ ಸಭೆಯಲ್ಲಿ ಮೇಷ್ಟ್ರು ಕೊರಳು ಒತ್ತಿ ಒತ್ತಿ ಮಾತಾಡಿದರು. ಮುಖವೆಲ್ಲ ಕೆಂಪೇರಿತ್ತು.

"ಸರ್, ನಿಮ್ಮ ಮೈಕ್ ಸರಿಯಿಲ್ಲ," ಅಂದರು ಯಾರೋ.

ಪಕ್ಕದಲ್ಲಿದ್ದ ನಾನು ತಡೆಯಲಾರದೆ, "ಮೈಕ್ ಸರಿಯಾಗೇ ಐತೆ. ಈ ಮಕ್ಕಳು ಎಲ್ಲಿಗೆ ಓಗ್ಬೇಕು ಅಂತ ಮೇಷ್ಟ್ರು ಕೇಳ್ತಾವ್ರೆ," ಅಂದೆ.

"ಸದಸ್ಯರಲ್ಲದವರು ಮಾತಾಡುವಂತಿಲ್ಲ," ಅಂದರು ಸಂಸ್ಥೆಯ ಅಧ್ಯಕ್ಷರಾಗಿದ್ದ ಹಳೇ ಶಿಷ್ಯರೊಬ್ಬರು. ಓಟು ಹಾಕಿದರು. ಸೋತೆವು.

"ಕೋರ್ಟಿಗೆ ಓಗಾಣ ಮೇಷ್ಟ್ರೇ," ಅಂದೆ ನಾನು.

"ನಾ ಸಾಕಿದ ಮಕ್ಕಳ ಮೇಲೆ ನಾನೇ ಕೇಸಾ? ಬೇಡ ಕಣಮ್ಮ."

ಆದರೆ ಸುಮ್ಮನಿರಲೂ ಅವರಿಂದಾಗಲಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ ಗೋಗರೆದರು. ಅತ್ತಲಿಂದ "ಹಲೋ, ಹಲೋ, ಕೇಳಿಸ್ತಿಲ್ಲ" ಅನ್ನುತ್ತಿದ್ದರು, ಫೋನು ಕಟ್ಟಾಗುತ್ತಿತ್ತು. ಇವರು ಮತ್ತೆ ನಂಬರು ಒತ್ತುತ್ತಿದ್ದರು. ಹಾಲ್‌ಗೆ ಬೀಗ ಬಿದ್ದ ಮೇಲೆ ಅದರ ಮೆಟ್ಟಿಲ ಮೇಲೆಯೇ ಪಾಠ ನಡೆಸಿದರು. ಚಳಿಗಾಲದ ಗಾಳಿ ಆ ತೂತಿನಿಂದ ನೇರ ಎದೆಗಿಳಿಯುತ್ತಿತ್ತು. ಬೇಡ ಅಂದರೆ ಕೇಳಲಿಲ್ಲ. ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಹೆಣವಾಗಿ ಬಂದರು.

ಮಣ್ಣಿಗೆ ಒಯ್ಯುವ ಮೊದಲು ಸ್ವಲ್ಪ ಹೊತ್ತು ಹಾಲ್‌ನೊಳಗೆ ಮಲಗಿಸಬೇಕೆಂದು ನಮಗೆಲ್ಲ ಆಸೆ. ಸಂಸ್ಥೆಯ ಅಪ್ಪಣೆ ಬೇಕು ಅಂದ ಹಾಲ್‌ನ ಕಾವಲಿನವನು. ನಾನೇ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಬಿಕ್ಕಿ ಬಿಕ್ಕಿ ಅತ್ತರು. "ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರಮ್ಮ," ಅಂದರು. ಆಮೇಲೆ ಮೂಗೊರೆಸಿಕೊಂಡು, "ಆದರೆ ಸಮಿತಿ ಒಪ್ಪಬೇಕಲ್ಲ. ಸ್ವಲ್ಪ ಕಾಯ್ತೀರಾ?" ಅಂದರು.

ಹೆಣ ಮೆಟ್ಟಿಲ ಬಳಿ ಇಟ್ಟುಕೊಂಡು ಕಾದೆವು. ಬಿಸಿಲು ಇಳಿಯಿತು. ಇನ್ನು ಆಗುವುದಿಲ್ಲ ಎಂದು ಎತ್ತಿಕೊಂಡು ಹೊರಟೆವು.

ಸಮಿತಿಯ ಒಪ್ಪಿಗೆ ಮಾರನೇ ದಿನ ಬಂತು.