ಸಕ್ಕರೆ ಕೊಟ್ಟು ಸಭೆಗೆ ಕರೆದವಳು

ಮೊನ್ನೆ ಸಂಜೆ ನಮ್ಮ ಕಾಲನಿಯ ಇಬ್ಬರು ಹೆಣ್ಣುಮಕ್ಕಳು ಮದುವೆಗೆ ಕರೆಯಲು ಬಂದಿದ್ದರು. ಬಂದವರನ್ನು ಬರಿ ಬಾಯಲ್ಲಿ ಕಳಿಸಬಾರದೆಂದು ಸಕ್ಕರೆ ತರಲು ಒಳಗೆ ಹೋದೆ. ಡಬ್ಬಿ ಖಾಲಿ. ಒಬ್ಬಳಿಗೆ ಎಷ್ಟು ಬೇಕು ಎಂದು ತರುವುದೇ ಸ್ವಲ್ಪ, ಅದೂ ಮುಗಿದದ್ದು ಗೊತ್ತಾಗಿರಲಿಲ್ಲ. ಮೇಲಿನ ಹಲಗೆಯಲ್ಲಿ ಕೈಯಾಡಿಸಿದಾಗ ಹಳೆಯ ಪಾತ್ರೆಗಳ ಹಿಂದಿನಿಂದ ಒಂದು ಹಿತ್ತಾಳೆ ಡಬ್ಬಿ ಬಂತು. ಅಂಗೈಯಷ್ಟೇ ಅಗಲ, ಮುಚ್ಚಳ ಬಿಗಿ. ಸೆರಗು ಹಿಡಿದು ತಿರುವಿ ತೆಗೆದೆ. ಒಳಗೆ ಸಕ್ಕರೆ ಇರಲಿಲ್ಲ, ಒಣಗಿದ ಏಲಕ್ಕಿ ಸಿಪ್ಪೆಯೊಂದು ತಳಕ್ಕೆ ಅಂಟಿಕೊಂಡಿತ್ತು. ಆದರೆ ಆ ವಾಸನೆ... ಇಷ್ಟು ವರ್ಷ ಮುಚ್ಚಿಟ್ಟದ್ದು ಒಮ್ಮೆಲೇ ಮುಖಕ್ಕೆ ಬಂತು.

ಬಂದವರಿಗೆ ಬೆಲ್ಲದ ಚೂರು ಕೊಟ್ಟು ಕಳಿಸಿದೆ. ಬಾಗಿಲು ದಾಟುವಾಗ ಅವರೊಂದು ಮಾತು ಹೇಳಿ ಹೋದರು, ಅದನ್ನು ಕೊನೆಗೆ ಹೇಳುತ್ತೇನೆ. ಡಬ್ಬಿ ಮಾತ್ರ ಅಂದಿನಿಂದ ಒಲೆಯ ಪಕ್ಕದಲ್ಲೇ ಇದೆ. ಅದು ನನ್ನದಲ್ಲ. ಕೊನೆ ಮನೆಯ ದೊಡ್ಡವ್ವನದು.

ಶಿಗ್ಗಾಂವದ ಹೊರಗೆ, ಹೈವೇ ಲಾರಿಗಳ ಸದ್ದು ಕೇಳುವಷ್ಟು ದೂರದಲ್ಲಿ, ಸೊಸೈಟಿಯವರು ಹೊಲ ಕೊಂಡು ಪ್ಲಾಟು ಹಾಕಿ ಮಾಡಿದ ದೊಡ್ಡ ಕಾಲನಿ ನಮ್ಮದು. ಮಾಸ್ತರರು, ಬಸ್ಸಿನ ಕಂಡಕ್ಟರರು, ಅಡತಿ ಅಂಗಡಿಯವರು, ಬ್ಯಾಂಕಿನವರು ಮೆಂಬರಾಗಿ ಮನೆ ಕಟ್ಟಿಕೊಂಡಿದ್ದರು. ಹಾನಗಲ್ಲಿನವರು, ಸವಣೂರಿನವರು, ಹಿರೇಕೆರೂರಿನವರು ಎಲ್ಲರೂ ಇದ್ದರು. ನಾನು ಮಾಸೂರಿನವಳು, ಕೆರೆ ಕಾಣದಿದ್ದರೆ ಅದನ್ನು ಊರೆಂದು ಒಪ್ಪದವಳು. ಸೊಸೆಯಾಗಿ ಬಂದಾಗ ಇಲ್ಲಿ ಮನೆಗಳಿದ್ದವು, ಊರಿರಲಿಲ್ಲ. ಹಬ್ಬ ಬಂತೆಂದರೆ ಎಲ್ಲರೂ ಬೀಗ ಜಡಿದು "ಊರಿಗೆ ಹೋಗಿ ಬರ್ತೇವಿ" ಎಂದು ಹೊರಡುತ್ತಿದ್ದರು. ಹಾಗಾದರೆ ಇದೇನು ಬಸ್ ಸ್ಟ್ಯಾಂಡೇ ಎಂದು ನಾನು ಗಂಡನ ಮುಂದೆ ಗೊಣಗುತ್ತಿದ್ದೆ. ಪಾಪ, ಅವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಊರಿಗೆ ಹೋಗದೆ ಉಳಿಯುತ್ತಿದ್ದವಳು ದೊಡ್ಡವ್ವ ಒಬ್ಬಳೇ. ನಮ್ಮ ಸಾಲಿನ ತುದಿಯಲ್ಲಿ ಎರಡು ಖೋಲಿಯ ಮನೆ. ಗಂಡ ಕಾಳಿನ ಪೇಟೆಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದನಂತೆ. ಹೊಟ್ಟೆ ಬಟ್ಟೆ ಕಟ್ಟಿ ಪ್ಲಾಟು ಕೊಂಡು, ಗೋಡೆ ಎಬ್ಬಿಸಿ, ಅದಕ್ಕೆ ಗಾರೆ ಬಳಿದು ಗಿಲಾಯಿ ಮುಗಿಸುವ ಮೊದಲೇ ತೀರಿಕೊಂಡ. ಮಕ್ಕಳಿರಲಿಲ್ಲ. ಅವನ ಮೆಂಬರುತನ ಇವಳ ಹೆಸರಿಗೆ ಬಂತು. ತವರು ಯಲವಿಗಿ, ಸ್ಟೇಶನ್ನಿನ ಹತ್ತಿರ ಬೆಳೆದವಳು. ಇಲ್ಲಿ ಲಾರಿ ಎಷ್ಟು ಕೂಗಿದರೇನು, ರೈಲಿನ ಹಾಗೆ ಹೇಳಿದ ಹೊತ್ತಿಗೆ ಬರುವುದಿಲ್ಲ ಎಂದು ನಗುತ್ತಿದ್ದಳು. ಮೊದಮೊದಲು ನಾನು ಮಾತಿಗೊಮ್ಮೆ "ರೀ" ಹಚ್ಚುತ್ತಿದ್ದೆ. "ನನಗ ರೀ ಹಚ್ಚಬ್ಯಾಡವಾ. ನಾ ಏನ್ ತಹಶೀಲ್ದಾರಳೇನು?" ಎಂದು ಬೈದ ಮೇಲೆ ಬಿಟ್ಟೆ.

ಆ ವರ್ಷ ನೀರಿನ ಟಾಕಿ ಕಟ್ಟಿಸಲು ಸೊಸೈಟಿಯ ಸಭೆಯಲ್ಲಿ ಠರಾವು ಆಗಬೇಕಿತ್ತು. ಸಿಪಾಯಿ ಮನೆಮನೆಗೆ ನೋಟೀಸು ತಂದು ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಜನ ಸಹಿ ಹಾಕುತ್ತಿದ್ದರು, ಸಭೆಗೆ ಬರುತ್ತಿರಲಿಲ್ಲ. ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹೋಗುತ್ತಿತ್ತು, ನಾವು ಹೆಂಗಸರು ಬೋರಿನ ಮುಂದೆ ಕೊಡ ಪಾಳಿ ಹಚ್ಚಿ ನಿಲ್ಲುತ್ತಿದ್ದೆವು. ದೊಡ್ಡವ್ವ ಮಾತ್ರ ಪ್ರತಿ ಸಲವೂ ಇಳಕಲ್ ಸೀರೆ ಉಟ್ಟು, ಖಾಲಿ ಕುರ್ಚಿಗಳ ನಡುವೆ ಕುಳಿತು ಎದ್ದು ಬರುತ್ತಿದ್ದಳು.

ಒಂದು ದಿನ ಈ ಹಿತ್ತಾಳೆ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಏಲಕ್ಕಿ ಕುಟ್ಟಿ ಹಾಕಿದ ಸಕ್ಕರೆ ತುಂಬಿತ್ತು.

"ಚೀಟಿ ಕೊಟ್ರ ಯಾರ್ ಬರ್ತಾರವಾ? ಮನಿಗೆ ಹೋಗಿ ಕರದ್ರ ಬರ್ತಾರ. ಕುಂಕುಮ ನೀ ಹಚ್ಚು, ಮಾತು ನಾ ಆಡ್ತೇನಿ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಎಷ್ಟು ದೊಡ್ಡ ಕಾರ್ಡು ಹಂಚಿದರೂ ಮನೆಗೆ ಬಂದು, ಹೆಂಗಸರಿಗೆ ಕುಂಕುಮ ಹಚ್ಚಿ, ಬಾಯಿಬಿಟ್ಟು ಕರೆಯದಿದ್ದರೆ ಅದು ಕರೆದ ಲೆಕ್ಕವಲ್ಲ. "ನಮಗ ಕರದಿಲ್ಲ" ಎಂದು ವರ್ಷಗಟ್ಟಲೆ ಮುಖ ತಿರುಗಿಸುವವರಿದ್ದಾರೆ. ಕುಂಕುಮಕ್ಕೆ ನಾನು ಏಕೆ ಬೇಕಾದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡ ಸತ್ತವಳ ಕೈಯಿಂದ ಯಾರು ಹಚ್ಚಿಸಿಕೊಳ್ಳುತ್ತಾರೆ...

ಇಬ್ಬರೂ ಸಾಲು ಹಿಡಿದು ಹೊರಟೆವು. ಪ್ರತಿ ಮನೆಯಲ್ಲೂ ನಾನು ಕುಂಕುಮ ಹಚ್ಚುವುದು, ಅವಳು ಚಿಟಿಕೆ ಸಕ್ಕರೆ ಕೈಗೆ ಹಾಕಿ ಹೇಳುವುದು: "ಐತವಾರ ಮುಂಜಾನೆ ಸೊಸಾಯ್ಟಿ ಹಾಲ್‌ನಾಗ ಕಾರ್ಯ ಐತ್ರಿ. ಮನಿಮಂದಿ ಎಲ್ಲಾ ಬರಬೇಕು." ಅವಳು ಸಭೆ ಎನ್ನಲಿಲ್ಲ, ಕಾರ್ಯ ಎಂದಳು. ನಮ್ಮಲ್ಲಿ ಕಾರ್ಯವೆಂದರೆ ಮದುವೆ, ಬಸುರಿಗೆ ಮಾಡುವ ಕುಬಸ, ತೊಟ್ಟಿಲು ಇಂಥವು. ಸಕ್ಕರೆ ಬೇರೆ ಕೈಗೆ ಬಿದ್ದಿದೆ. ಸವಣೂರಿನ ವೀಳ್ಯದೆಲೆ ವ್ಯಾಪಾರದವರ ಮನೆಯಲ್ಲಿ ಕುಂಕುಮ ಇಲ್ಲ, ಸಕ್ಕರೆ ಅಷ್ಟೇ. ಆ ಮನೆಯ ಹಿರಿಯ ಬೀಬಿ ಸಕ್ಕರೆ ಬಾಯಿಗೆ ಹಾಕಿಕೊಂಡು, "ಶಾದಿ ಯಾರ್ದವಾ?" ಎಂದು ಕೇಳಿದರು. ದೊಡ್ಡವ್ವ, "ನಮ್ಮೆಲ್ಲಾರ್ದೂ" ಎಂದಳು. ನನಗೆ ನಗು ತಡೆಯಲಿಲ್ಲ, ಆದರೆ ತಿದ್ದಲೂ ಇಲ್ಲ. ಟಾಕಿ ಕಟ್ಟುವುದೂ ಒಂದು ಕಾರ್ಯವೇ ತಾನೆ.

ಐತವಾರ ಮುಂಜಾನೆ ಸೊಸೈಟಿ ಹಾಲ್ ತುಂಬಿತು. ಜರಿ ಸೀರೆಗಳೇನು, ತುರುಬಿಗೆ ಹೂವೇನು, ಕೈಯಲ್ಲಿ ಉಡುಗೊರೆಗೆಂದು ಕುಬಸ ಹೊಲಿಸುವ ಖಣವೇನು, ತೆಂಗಿನಕಾಯಿಯೇನು. ಅತ್ತರು ಹಚ್ಚಿಕೊಂಡು ಎಲೆ ವ್ಯಾಪಾರದವರ ಮನೆಮಂದಿಯೆಲ್ಲ ಬಂದರು. ಚೇರ್ಮನ್ನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇದೇನ್ರಿ, ಯಾರ ಲಗ್ನ?" ಎಂದರು. ಒಬ್ಬಾಕೆ ಎದ್ದು ನಿಂತು ಮದುಮಗಳನ್ನು ಹುಡುಕುತ್ತಿದ್ದಳು. ವಿಷಯ ತಿಳಿದ ಮೇಲೆ ಕೆಲವು ಗಂಡಸರು ಮುಖ ಗಂಟು ಹಾಕಿದರು, ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅಷ್ಟು ಸಿಂಗಾರವಾಗಿ ಬಂದವರು ಎದ್ದು ಹೋಗುವುದು ಹೇಗೆ? ಕುಳಿತರು. ಟಾಕಿಯ ಠರಾವು ಆಯಿತು.

ಉಳಿದದ್ದು ಖಣಗಳ ಪ್ರಶ್ನೆ. ಕಾರ್ಯಕ್ಕೆಂದು ತಂದ ಖಣವನ್ನು ತಿರುಗಿ ಮನೆಗೆ ಒಯ್ಯುವ ಹಾಗಿಲ್ಲ. ಚೇರ್ಮನ್ನರ ಟೇಬಲ್ಲಿನ ಮೇಲೆ ಇಡಲು ಅದೇನು ದೇವರ ಗುಡಿಯೇ? ಆಗ ಆ ಬೀಬಿಯೇ, "ಕರದಾಕಿಗೆ ಕೊಡ್ರಿ ಮತ್ತ" ಎಂದರು. ಒಬ್ಬೊಬ್ಬರೇ ಬಂದು ದೊಡ್ಡವ್ವನ ಸೆರಗಿಗೆ ಹಾಕತೊಡಗಿದರು. ಬ್ಯಾಂಕಿನವರ ಹೆಂಡತಿ ರೂಢಿಯಂತೆ ಕುಂಕುಮಕ್ಕೆ ಬೆರಳು ಅದ್ದಿ ದೊಡ್ಡವ್ವನ ಹಣೆಯ ತನಕ ಒಯ್ದು, ಅಲ್ಲಿಯೇ ತಡೆದು, ಆ ಕುಂಕುಮವನ್ನು ಪಕ್ಕದಲ್ಲಿದ್ದ ನನ್ನ ಹಣೆಗೆ ಹಚ್ಚಿದಳು. ದೊಡ್ಡವ್ವ ನೋಡದವಳಂತೆ ಸೆರಗು ಸರಿಮಾಡಿಕೊಂಡಳು.

ಅಂದು ಮಧ್ಯಾಹ್ನ ಖಣಗಳ ಗಂಟು ಹಿಡಿದು ನಮ್ಮ ಮನೆಗೆ ಬಂದಳು. ನಾನು ಆಗ ಮನೆಯಲ್ಲಿ ಕುಬಸ ಹೊಲಿಯುತ್ತಿದ್ದೆ. ಗಂಟು ಬಿಚ್ಚಿ ಒಂದೊಂದನ್ನೇ ತೊಡೆಯ ಮೇಲೆ ಹರವಿ ಸವರಿದಳು.

"ನಮ್ಮನಿಯವರು ಹೋದ ಮ್ಯಾಲೆ ನನ್ನ ಉಡ್ಯಾಗ ಖಣ ಬಿದ್ದಿದ್ದು ಇವತ್ತ," ಎಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಲಗ್ನಕ್ಕ ನನ್ನೂ ಕರೀತಾರವಾ, ಇಲ್ಲ ಅನ್ನಂಗಿಲ್ಲ. ಊಟಕ್ಕ ಬಾ ಅಂತಾರ. ಅಕ್ಷತಾಕ್ಕ ಬಾ ಅನ್ನೂದಿಲ್ಲ. ಸೊಸಾಯ್ಟಿ ಸಭಾಕ್ಕ ಮಾತ್ರ ಎಲ್ಲಾರ ಹಂಗ ನನಗೂ ಕರಿ ಬರ್ತೈತಿ. ಕುಂದ್ರು ಅಂತಾರ, ಕೈ ಎತ್ತು ಅಂತಾರ. ನಾ ಎತ್ತಿದ ಕೈನೂ ಎಣಸ್ತಾರ."

ಅಲ್ಲಿಯವರೆಗೆ ನಾನು ಗಮನಿಸಿರಲೇ ಇಲ್ಲ. ಕಾಲನಿಯ ಮದುವೆಗಳಲ್ಲಿ ಅಕ್ಷತೆಯ ಹೊತ್ತಿಗೆ ಅವಳು ಎಲ್ಲೂ ಇರುತ್ತಿರಲಿಲ್ಲ. ಊಟದ ಪಂಕ್ತಿ ನಡೆದಾಗ ಬಂದು, ಕೊನೆಯ ಸಾಲಿನಲ್ಲಿ ಉಂಡು, ಕೈತೊಳೆದು ಹೋಗುತ್ತಿದ್ದಳು. ತಡಮಾಡುವ ಸ್ವಭಾವ ಎಂದುಕೊಂಡಿದ್ದೆ. ರೈಲಿನ ಹೊತ್ತು ನೋಡಿ ಬೆಳೆದವಳು ತಡಮಾಡುವವಳಲ್ಲ ಎಂದು ನನಗೆ ಹೊಳೆಯಬೇಕಿತ್ತು.

ಗಿಳಿಹಸಿರು ಖಣವೊಂದನ್ನು ಆರಿಸಿಕೊಟ್ಟು, "ಇದೊಂದು ಹೊಲಿ" ಎಂದಳು. ಆ ಕುಬಸವನ್ನು ವರ್ಷಕ್ಕೊಮ್ಮೆ, ಸಭೆಯ ದಿನ ಮಾತ್ರ ತೊಡುತ್ತಿದ್ದಳು. ಮುಂದಿನ ವರ್ಷಗಳಲ್ಲಿ ಯಾರೂ ಮೋಸಹೋಗಲಿಲ್ಲ, ಆದರೂ ಬಂದರು. ಸಿಪಾಯಿಯ ನೋಟೀಸು ಬಂದರೆ "ದೊಡ್ಡವ್ವ ಇನ್ನೂ ಬಂದಿಲ್ಲ" ಎನ್ನುತ್ತಿದ್ದರು. ಒಮ್ಮೆ ಬೀಗ ಹಾಕಿದ ಮನೆಯೊಂದನ್ನು ಬಿಟ್ಟು ಬಂದಿದ್ದಕ್ಕೆ ಆ ಮನೆಯವರು ಮುನಿಸಿಕೊಂಡು, ನಾವು ಮತ್ತೊಮ್ಮೆ ಹೋಗಿ ಸಕ್ಕರೆ ಕೊಟ್ಟು ಕರೆಯಬೇಕಾಯಿತು. ಕರೆಯದಿದ್ದರೆ ಸಿಟ್ಟಾಗುವಷ್ಟು ನಾವು ಒಬ್ಬರಿಗೊಬ್ಬರು ಏನೋ ಆಗಿದ್ದೆವು. ಅದೊಂದು ಒಳ್ಳೆಯ ಕಾಲ.

ಆಮೇಲೆ ಕರೋನಾ ಬಂತು. ಸಭೆ ಮೊಬೈಲಿಗೆ ಹೋಯಿತು, ನೋಟೀಸು ಗ್ರೂಪಿಗೆ ಹೋಯಿತು. ದೊಡ್ಡವ್ವನ ಹತ್ತಿರ ಇದ್ದದ್ದು ಬಟನ್ನಿನ ಫೋನು, ಅದೂ ಹೆಚ್ಚಾಗಿ ಚಾರ್ಜಿಲ್ಲದ್ದು. ರೋಗ ಹೋದ ಮೇಲೂ ಸಭೆ ಹಾಲ್‌ಗೆ ಮರಳಲಿಲ್ಲ. ಹೊಸ ಕಮಿಟಿಯವರಿಗೆ ಇದು ಸಲೀಸಾಗಿತ್ತು. ಮನೆಮನೆ ತಿರುಗುವುದು ಯಾಕ್ರಿ, ಕೋರಂ ಕುಂತಲ್ಲೇ ಆಗ್ತದಲ್ಲ ಎಂದರು. ಹೌದು, ಆಗುತ್ತಿತ್ತು. ನಮ್ಮ ಮನೆಯಲ್ಲೂ ನನ್ನ ಗಂಡ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ಚಹಾ ಕುಡಿಯುತ್ತ ಸಭೆ ಮಾಡುತ್ತಿದ್ದರು.

ಹಾಗೆ ಸಭೆ ನಡೆದ ಒಂದು ಐತವಾರ ದೊಡ್ಡವ್ವನಿಗೆ ಸಾರು ಕೊಟ್ಟು ಬರಲು ಹೋದೆ. ಇಳಕಲ್ ಸೀರೆ, ಗಿಳಿಹಸಿರು ಕುಬಸ ತೊಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಈ ಡಬ್ಬಿ. ಯಾವ ಐತವಾರ ಎಂದು ಯಾರಿಂದಲೋ ಕೇಳಿ ತಿಳಿದಿದ್ದಳು.

"ಈ ವರ್ಸನೂ ಸಭಾ ಇಲ್ಲೇನವಾ?"

"ಆತ ದೊಡ್ಡವ್ವ, ಈಗರ ಮುಗೀತು. ಫೋನಿನ್ಯಾಗ."

"ಎಲ್ಲಾರೂ ಎಲ್ಲೆ ಕುಂತಿದ್ರು?"

"ಅವರವರ ಮನ್ಯಾಗ."

"ನಾನೂ ನಮ್ಮನ್ಯಾಗ ಕುಂತಿದ್ದೆ," ಎಂದಳು. "ಮತ್ತ ನನ್ನ ಕೈ ಯಾರ್ ಎಣಸಿದ್ರು?"

ಮನೆಗೆ ಬಂದು ಗಂಡನಿಗೆ ಹೇಳಿದೆ. ಸಂಜೆ ನನ್ನ ಗಂಡ ಸೆಕ್ರೆಟರಿಗೆ ಫೋನು ಮಾಡಿ, ದೊಡ್ಡವ್ವನೊಬ್ಬಳಿಗೆ ಬಾಯಿಂದಲೇ ಹೇಳಿಸಿ ಎಂದರು. ಆಗಲಿ ಎಂದರಂತೆ, ಹೇಳಲು ಯಾರೂ ಬರಲಿಲ್ಲ. ಮುಂದಿನ ವರ್ಷ ನಾನೇ ಅವಳನ್ನು ನಮ್ಮ ಮನೆಗೆ ಕರೆತಂದು ಫೋನಿನ ಮುಂದೆ ಕೂರಿಸಿದೆ. ಅಂಚೆಚೀಟಿಯಂಥ ಮುಖಗಳನ್ನು ನೋಡುತ್ತ ಕುಳಿತಳು. ಠರಾವಿಗೆ ಎಲ್ಲರೂ ಫೋನಿನಲ್ಲಿ ಎತ್ತಿದ ಹೆಬ್ಬೆಟ್ಟಿನ ಚಿತ್ರ ಒತ್ತಿದರು, ಇವಳು ನಮ್ಮ ಅಡುಗೆಮನೆಯಲ್ಲಿ ಕೈ ಎತ್ತಿ ಹಿಡಿದಿದ್ದಳು. ಎದ್ದು ಹೋಗುವಾಗ ಡಬ್ಬಿಯನ್ನು ನಮ್ಮ ಹಲಗೆಯ ಮೇಲಿಟ್ಟಳು. "ನಿನ್ನ ಹಂತ್ಯಾಕ ಇರಲಿ. ಎಂದರ ಬೇಕಾದೀತು..." ಎಂದಳು.

ಮರುವರ್ಷದ ಸಭೆಗೆ ಅವಳಿರಲಿಲ್ಲ. ಜ್ವರವೆಂದು ಮಲಗಿದವಳು ಏಳಲಿಲ್ಲ. ಸುದ್ದಿ ಗ್ರೂಪಿಗೆ ಬಿತ್ತು. ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಬರುತ್ತಲೇ ಇದ್ದವು. ನಮ್ಮಲ್ಲಿ ಸಾವಿಗೆ ಯಾರನ್ನೂ ಕರೆಯುವುದಿಲ್ಲ, ಸುದ್ದಿ ಮುಟ್ಟಿದರೆ ತಾವಾಗಿಯೇ ಬರಬೇಕು. ಅಂಗಳದಲ್ಲಿ ನಾವಿದ್ದೆವು, ಯಲವಿಗಿಯಿಂದ ಬಂದ ಅವಳ ತಮ್ಮನ ಮನೆಯವರಿದ್ದರು, ಎಲೆ ವ್ಯಾಪಾರದ ಬೀಬಿ ಕೋಲೂರಿಕೊಂಡು ಬಂದಿದ್ದರು. ಉಳಿದವರು ಕೆಟ್ಟವರಲ್ಲ. ಫೋನಿನಲ್ಲಿ ಕೈಮುಗಿದಾಗಿತ್ತು, ಹೋಗಿಬಂದಂತೆಯೇ ಅನ್ನಿಸಿರಬೇಕು. ಆ ಹಸಿರು ಕುಬಸವನ್ನು ನಾನೇ ಹುಡುಕಿ ತೊಡಿಸಿದೆ. ಅಂದು ಅತ್ತಷ್ಟು ನನ್ನ ಅವ್ವ ಸತ್ತಾಗಲೂ ಅತ್ತಿರಲಿಲ್ಲ.

ಈಗ ಕೊನೆ ಮನೆಯಲ್ಲಿ ಬೇರೆಯವರಿದ್ದಾರೆ, ಅವರ ಮುಖ ನನಗೆ ಸರಿಯಾಗಿ ಗೊತ್ತಿಲ್ಲ. ನನ್ನ ಗಂಡನೂ ಹೋದ ವರ್ಷ ತೀರಿಕೊಂಡರು. ಅವರ ಮೆಂಬರುತನ ನನ್ನ ಹೆಸರಿಗೆ ಬಂದಿದೆ. ಸಭೆಯ ನೋಟೀಸು ಫೋನಿನಲ್ಲಿ ಟಿಣ್ ಎನ್ನುತ್ತದೆ. ಹೆಬ್ಬೆಟ್ಟು ಒತ್ತುತ್ತೇನೆ. ಸೊಸೈಟಿ ಹಾಲ್‌ನ ಬೀಗ ತುಕ್ಕು ಹಿಡಿದಿದೆ, ಪಕ್ಕದಲ್ಲಿ ದೊಡ್ಡವ್ವನ ಟಾಕಿ ಮಾತ್ರ ಇನ್ನೂ ಸೋರದೆ ನಿಂತಿದೆ. ಕೆಲವು ದಿನ ಸಂಜೆಯವರೆಗೂ ನನ್ನ ದನಿ ನನಗೇ ಕೇಳಿರುವುದಿಲ್ಲ. ಅದಕ್ಕೇ ಮೊನ್ನೆ ಬಾಗಿಲಲ್ಲಿ "ಕರಿಯಾಕ ಬಂದೇವ್ರಿ" ಎಂಬ ಮಾತು ಕೇಳಿದಾಗ ಹೊಲಿಗೆ ಬಿಟ್ಟು ಓಡಿಬಂದೆ. ಎಷ್ಟು ಹಿಗ್ಗಿದೆನೆಂದರೆ ನಾಚಿಕೆಯಾಗಬೇಕು.

ಒಬ್ಬಳ ಕೈಯಲ್ಲಿ ಕುಂಕುಮದ ಭರಣಿ ಇತ್ತು. ಅದರ ಮುಚ್ಚಳ ಅವಳು ತೆಗೆಯಲಿಲ್ಲ. ಬೆಲ್ಲ ತಿಂದು, ನೀರು ಕುಡಿದು, ಬಾಗಿಲು ದಾಟುವಾಗ ಹಿರಿಯಳು ತಿರುಗಿ ನಿಂತು ನನ್ನ ಕೈ ಹಿಡಿದುಕೊಂಡಳು.

"ತಪ್ಪಸಬ್ಯಾಡ್ರಿ ಮತ್ತ. ಊಟಕ್ಕ ಬರ್ರಿ."

ಆತವಾ, ಬರ್ತೇನಿ ಎಂದೆ. ಅಕ್ಷತೆ ಎಷ್ಟು ಹೊತ್ತಿಗೆ ಎಂದು ನಾನು ಕೇಳಲಿಲ್ಲ.