ಅಣ್ಣನ ಪಾಲಿನ ಗೋಡೆ

ಪ್ಲೇಗು ಬಂದು ಹೋದ ಮರುವರ್ಷ ಕಳಲೆಯ ತಿಮ್ಮಯ್ಯ, ಹುಚ್ಚಯ್ಯ ಅಣ್ಣತಮ್ಮಂದಿರು ಪಾಲಾದರು. ಹೊಲ, ಎತ್ತು, ಕೊಪ್ಪರಿಗೆ ಹಂಚಿದ ಪಂಚಾಯಿತಿಯವರು ಮನೆಯನ್ನೂ ನಡುಮಧ್ಯಕ್ಕೆ ಸೀಳಿದರು. ಉಳಿದವಳು ತಾಯಿ ಚಿಕ್ಕಮಾದಮ್ಮ. ಅವಳನ್ನು ಸೀಳಲಾಗದ್ದಕ್ಕೆ ಒಂದು ತಿಂಗಳು ಇವನ ಮನೆ, ಒಂದು ತಿಂಗಳು ಅವನ ಮನೆ ಎಂದು ತೀರ್ಮಾನಿಸಿ, ಎಲೆಯಡಿಕೆ ಹಾಕಿಕೊಂಡು ಎದ್ದು ಹೋದರು. ಎಂಥ ದೊಡ್ಡ ಮನುಷ್ಯರು!

ಮನೆ ಪಡುವಣಕ್ಕೆ ಮುಖ. ಆಷಾಢದ ಗಾಳಿಮಳೆ ಬಡಿಯುತ್ತಿದ್ದುದು ಮುಂದಿನ ಆ ಹಳೆಯ ಮಣ್ಣುಗೋಡೆಗೇ. ಒಳಗೆ ಥಂಡಿ ಇಳಿದರೆ ಮುದುಕಿಗೆ ಉಬ್ಬಸ ಏಳುತ್ತಿತ್ತು. ಹಿಂದಿನ ಮಳೆಗಾಲದಲ್ಲೇ ಸತ್ತು ಬದುಕಿದ್ದಳು. ಹುಚ್ಚಯ್ಯ ಯಾರನ್ನೂ ಕರೆಯಲಿಲ್ಲ. ಬೇಸಗೆಯಲ್ಲಿ ಕೆರೆಮಣ್ಣು ಹೊತ್ತು ತಂದು, ಹುಲ್ಲು ಸಗಣಿ ಬೆರೆಸಿ ಕೊಳೆಹಾಕಿ, ತುಳಿದು, ಚಳಿ ತೂರದ ಹಾಗೆ ತನ್ನ ಪಾಲಿನ ಗೋಡೆಗೆ ಗೇಣು ದಪ್ಪ ಮೆತ್ತಿದ. ಮೊದಲ ಮಳೆಗೆ ಮುದುಕಿ ಕೆಮ್ಮದೆ ನಿದ್ದೆ ಮಾಡಿದಳು. ಆದರೆ ಆಷಾಢ ತಿಮ್ಮಯ್ಯನ ಸರದಿ.

"ಅಣ್ಣಾ, ನಿನ್ ಕಡೀಕೂ ನಾನೇ ಮೆತ್ಕೊಡ್ತೀನಿ," ಎಂದ ಹುಚ್ಚಯ್ಯ.

"ಮುಟ್ಟುದ್ರೆ ಕೈ ಮುರ್ದೇನು ಕಣ್ಲಾ! ಇವತ್ತು ಮಣ್ಣು ಮೆತ್ತೋನು, ನಾಳೀಕೆ ಗೋಡೆ ನಂದೇ ಅಂತೀಯ."

ಪಾಲಾದ ಮೇಲೆ ಒಬ್ಬರ ಗೋಡೆಗೆ ಇನ್ನೊಬ್ಬರು ಕೈಹಾಕಿದರೆ ಹಕ್ಕು ಹುಟ್ಟುತ್ತದೆ ಎಂಬುದು ನಮ್ಮ ಕಡೆಯ ಹಳೆಯ ಭಯ.

"ಅಂಗಾರೆ ಅವ್ವ ನನ್ ತಾವೇ ಇರ್ಲಿ."

ಅದಕ್ಕೆ ಮುದುಕಿಯೇ ಒಪ್ಪಲಿಲ್ಲ. "ಇರಿಮಗ ಅವ್ವಂಗೆ ಕೂಳಿಕ್ಲಿಲ್ಲ ಅಂತ ಊರೋರು ಆಡ್ಕತಾರೆ ಕಣಪ್ಪ. ನಾ ಓಗ್ತೀನಿ." ಈ ಮಾನ ಅನ್ನುವುದು ಎಷ್ಟು ಹೆಂಗಸರನ್ನು ನುಂಗಿದೆಯೋ!

ತಿಮ್ಮಯ್ಯ ತಗಡೂರಿನ ಬೀಗರ ಮನೆಗೆ ಹೋದ ದಿನ ಹುಚ್ಚಯ್ಯ ತಡೆಯಲಾರದೆ ಅಣ್ಣನ ಗೋಡೆಗೂ ಮೆತ್ತಿಬಿಟ್ಟ. ಅಲ್ಲೇ ಕೆಟ್ಟ. ಸಂಜೆ ಬಂದ ತಿಮ್ಮಯ್ಯ ಬಾಯಿಗೆ ಬಂದಂತೆ ಬೈದು, ಬೀದಿಯವರೆಲ್ಲ ನೋಡುತ್ತಿದ್ದಂತೆ ಗುದ್ದಲಿ ಹಿಡಿದು ಹಸಿಮಣ್ಣನ್ನು ಕೆರೆದು ಕೆಡವಿದ. ಹೊಸದರ ಜೊತೆ ಹಳೆಯ ಮಣ್ಣೂ ಹೆಂಟೆಹೆಂಟೆಯಾಗಿ ಬಿತ್ತು. ಗೋಡೆ ಮೊದಲಿಗಿಂತ ತೆಳ್ಳಗಾಯಿತು. ಅದಕ್ಕೆ ಮತ್ತೆ ಒಂದು ಹಿಡಿ ಮಣ್ಣು ಮುಟ್ಟಿಸುವ ಯೋಗ್ಯತೆ ಆ ಸೋಮಾರಿಗೆ ಇರಲಿಲ್ಲ.

ಆಷಾಢದ ಜಡಿಮಳೆ ಹಿಡಿಯಿತು. ಗೋಡೆ ನೀರು ಕುಡಿದು ಒಳಗೆಲ್ಲ ಒಸರಿತು. ಮುದುಕಿಯ ಚಾಪೆಯೂ ಒದ್ದೆ. ಹುಚ್ಚಯ್ಯ ಬಾಗಿಲಿಗೆ ಹೋಗಿ ಬೇಡಿಕೊಂಡರೂ ಅವಳು ಕದಲಲಿಲ್ಲ. ತಿಂಗಳು ತುಂಬುವ ಮೊದಲೇ, ಒಂದು ಬೆಳಗ್ಗೆ, ಉಸಿರು ಎಳೆಯುತ್ತ ಎಳೆಯುತ್ತ ಹೋಗಿಬಿಟ್ಟಳು.

ಹೆಣವನ್ನು ಜಗುಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸುವುದು ಅವರ ಪದ್ಧತಿ. ತಿಮ್ಮಯ್ಯನ ಜಗುಲಿಯೆಲ್ಲ ಕೆಸರು; ಗೋಡೆಯಿಂದ ಮಣ್ಣು ಉದುರುತ್ತಲೇ ಇತ್ತು. ಅವನು ತಮ್ಮನ ಕಡೆ ತಿರುಗಿದ.

"ಅವ್ವನ್ನ ನಿನ್ ಗೋಡೆಗೇ ಒರಗ್ಸು ಕಣ್ಲಾ. ನಿನ್ ಕಡೆ ಬೆಚ್ಚಗದೆ."

ಹುಚ್ಚಯ್ಯ ಅವನ ಮುಖಕ್ಕೆ ಉಗಿಯಲಿಲ್ಲ, ಉಗಿಯಬೇಕಿತ್ತು. ಅವ್ವನನ್ನು ಎತ್ತಿ ತಂದು ತನ್ನ ಜಗುಲಿಯಲ್ಲಿ ಕೂರಿಸಿದ. ಎರಚಲು ಬಡಿಯದಿರಲೆಂದು ತನ್ನ ಕಂಬಳಿಯನ್ನು ಗೊಪ್ಪೆ ಮಾಡಿ ಅವಳ ತಲೆಯ ಮೇಲೆ ಹೊದಿಸಿದ.